ಕವಣೆ ಎಸೆತದ ಅಭ್ಯಾಸಕ್ಕೆ ಸುರಕ್ಷಿತ ಗುಂಡುಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ)

ಪೀಠಿಕೆ

ಎರಡು ಹುರಿಗಳ ನಡುವೆ ಒಂದು ಬಟ್ಟಲನ್ನು ಹೆಣೆದು, ಅದರಲ್ಲಿ ಕಲ್ಲನ್ನಿರಿಸಿ, ಬೀಸಿ ಎಸೆಯುವ ಸಾಧನಕ್ಕೆ ಕವಣೆ ಎಂದು ಹೆಸರು. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ತೆಲುಗು ಮನೆಮಾತಿನ ಕುಟುಂಬಗಳಲ್ಲಿ ಇದಕ್ಕೆ ವಡಿಸೆಲ ಎಂಬ ಹೆಸರಿದೆ. ರಬ್ಬರ್ ಪಟ್ಟಿಯನ್ನು ಕವಲುಕಡ್ಡಿಗೆ ಕಟ್ಟಿ ಮಾಡುವ ಕ್ಯಾಟರ್‌ಬಿಲ್ಲು ಬೇರೆಯೇ ಸಾಧನವಾಗಿದ್ದು, ಈ ಪುಟದಲ್ಲಿ ಅದರ ವಿಚಾರವಿಲ್ಲ.

ಜೋಳ, ಸಜ್ಜೆ, ಮುಸುಕಿನ ಜೋಳಗಳ ತೆನೆ ಹಾಲುಗಟ್ಟುವ ಕಾಲದಲ್ಲಿ ಹೊಲದ ಅಟ್ಟಣೆಯ ಮೇಲೆ ನಿಂತು ಗಿಳಿ, ಗೀಜಗ, ಕಾಗೆಗಳನ್ನು ಓಡಿಸಲು ರೈತರು ಕವಣೆಯನ್ನು ಬಳಸುತ್ತಿದ್ದರು. ಹಕ್ಕಿಗೆ ಹೊಡೆಯುವುದು ಅಲ್ಲಿ ಮುಖ್ಯವಾಗಿರಲಿಲ್ಲ. ಹುರಿಯ ತುದಿ ಚಟೀರೆನ್ನುವ ಸದ್ದು ಮತ್ತು ಕಲ್ಲು ಬಿದ್ದ ಸಪ್ಪಳವೇ ಸಾಕಾಗುತ್ತಿತ್ತು. ಹೊರದೇಶಗಳಲ್ಲಿಯೂ ಇದರ ಬಳಕೆ ಪುರಾತನವಾದುದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಲಾಮಾ ಮಂದೆಗಳನ್ನು ತಿರುಗಿಸಲು ಕವಣೆಯನ್ನು ಬಳಸುತ್ತಾರೆ. ಸ್ಪೇನ್ ದೇಶಕ್ಕೆ ಸೇರಿದ ಬಲಿಯಾರಿಕ್ ದ್ವೀಪಗಳ ಕವಣೆಗಾರರು ರೋಮನ್ ಸೈನ್ಯದಲ್ಲಿ ಹೆಸರುವಾಸಿಯಾಗಿದ್ದರು. ಅದೇ ದ್ವೀಪಗಳಲ್ಲಿ ಇಂದು ಗುರಿಫಲಕವನ್ನು ನಿಲ್ಲಿಸಿ ಕವಣೆ ಎಸೆತದ ಸ್ಪರ್ಧೆಗಳನ್ನು ನಡೆಸಲಾಗುತ್ತದೆ.

ಇದನ್ನು ಕ್ರೀಡೆಯಾಗಿ ಕಲಿಯಲು ಅಪೇಕ್ಷಿಸುವವರು ಮೈದಾನದ ಬಳಕೆಗೆ ಅನುಮತಿ ಕೋರುವಾಗ ಕವಣೆಯ ಬಗ್ಗೆ ವಿವರವಾಗಿ ಬರೆದು, ಅದರಲ್ಲಿ ಏನನ್ನು ಇಟ್ಟು ಎಸೆಯುವರೆಂಬುದನ್ನು ಬಿಟ್ಟುಬಿಡುವುದುಂಟು. ಅನುಮತಿ ನೀಡುವ ಅಧಿಕಾರಿ ಮೊದಲು ತಿಳಿಯಬೇಕಾದುದು ಅದನ್ನೇ. ಕವಣೆಯು ಒಂದು ಹುರಿ ಮಾತ್ರ, ಅಪಾಯವಿರುವುದು ಗುಂಡಿನಲ್ಲಿ.

ಎಸೆತದ ಬಲವನ್ನು ಅಳೆಯುವ ಬಗೆ

ಹುರಿಯು ತೋಳಿನ ಉದ್ದವನ್ನು ಹೆಚ್ಚಿಸಿದಂತೆ ವರ್ತಿಸುತ್ತದೆ. ಬರಿಗೈಯಲ್ಲಿ ಸಾಧಾರಣವಾಗಿ ಎಸೆಯುವ ವ್ಯಕ್ತಿಯೂ ಕೆಲವು ವಾರಗಳ ಅಭ್ಯಾಸದ ನಂತರ ಕವಣೆಯಿಂದ ಗುಂಡಿಗೆ ಸೆಕೆಂಡಿಗೆ 25 ರಿಂದ 30 ಮೀಟರ್ ವೇಗವನ್ನು ಕೊಡಬಲ್ಲನು. ಸೆಕೆಂಡಿಗೆ 30 ಮೀಟರ್ ಎಂದರೆ ಗಂಟೆಗೆ 108 ಕಿ.ಮೀ. ಮಧ್ಯಮ ವೇಗದ ಬೌಲರ್ ಕ್ರಿಕೆಟ್ ಚೆಂಡನ್ನು ಹೆಚ್ಚುಕಡಿಮೆ ಇದೇ ವೇಗದಲ್ಲಿ ಎಸೆಯುತ್ತಾನೆ, ಮತ್ತು ಅದನ್ನು ಎದುರಿಸುವವನು ಹೆಲ್ಮೆಟ್, ಪ್ಯಾಡು, ಕೈಗವಸು ಧರಿಸಿರುತ್ತಾನೆ. ಮೈದಾನದ ಅಂಚಿನಲ್ಲಿ ಎಮ್ಮೆ ಮೇಯಿಸುತ್ತಿರುವವರ ಬಳಿ ಅವು ಯಾವುವೂ ಇರುವುದಿಲ್ಲ.

100 ಗ್ರಾಂ ತೂಕದ ಕಲ್ಲು ಈ ವೇಗದಲ್ಲಿ 45 ಜೌಲ್ ಶಕ್ತಿಯನ್ನು ಹೊಂದಿರುತ್ತದೆ. ಇದನ್ನು ಸುಲಭವಾಗಿ ತಿಳಿಯುವುದಾದರೆ, ಅದೇ ಕಲ್ಲನ್ನು ಸುಮಾರು 46 ಮೀಟರ್ ಎತ್ತರದಿಂದ, ಅಂದರೆ 15 ಅಂತಸ್ತಿನ ಕಟ್ಟಡದ ಮೇಲಿನಿಂದ, ಬಿಟ್ಟಂತೆ. 58 ಗ್ರಾಂ ತೂಕದ ಟೆನಿಸ್ ಚೆಂಡಿಗೆ ಅದೇ ವೇಗದಲ್ಲಿ 26 ಜೌಲ್ ಶಕ್ತಿ ಇರುತ್ತದೆ. ಆದರೆ ಚೆಂಡು ಬಡಿದೊಡನೆ ತಾನೇ ಅಮರುವುದರಿಂದ ಪೆಟ್ಟು ಹೆಚ್ಚು ಜಾಗಕ್ಕೆ ಹರಡುತ್ತದೆ; ಕಲ್ಲು ಅಮರುವುದಿಲ್ಲ. ಚೆಂಡಿನ ಪೆಟ್ಟು ನೋವುಂಟುಮಾಡುವ ಸಂದರ್ಭದಲ್ಲಿ ಕಲ್ಲಿನ ಪೆಟ್ಟು ತಲೆಬುರುಡೆಯನ್ನು ಒಡೆಯಬಲ್ಲದು.

ತೂಕವನ್ನು ಇಮ್ಮಡಿಸಿದರೆ ಶಕ್ತಿ ಇಮ್ಮಡಿಯಾಗುತ್ತದೆ. ವೇಗವನ್ನು ಇಮ್ಮಡಿಸಿದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಹಗುರವಾದ ಗುಂಡು ಎಂಬ ಒಂದೇ ಕಾರಣಕ್ಕೆ ಅದನ್ನು ನಿರಪಾಯಕಾರಿ ಎಂದು ಭಾವಿಸತಕ್ಕದ್ದಲ್ಲ.

ಗಾತ್ರವು 5 ಸೆಂ.ಮೀ.ಗಿಂತ ಕಡಿಮೆ ಇರಬಾರದು

ಮನುಷ್ಯನ ಕಣ್ಣಿನ ಕುಳಿಯ ಬಾಯಿ ಅಂದಾಜು 4 ಸೆಂ.ಮೀ. ಅಗಲವಿರುತ್ತದೆ. ಅದಕ್ಕಿಂತ ಚಿಕ್ಕದಾದ ಗುಂಡು ಹುಬ್ಬಿನ ಮೂಳೆಗೆ ತಾಗದೆ ನೇರವಾಗಿ ಕಣ್ಣುಗುಡ್ಡೆಗೆ ಬಡಿಯಬಲ್ಲದು. ದೊಡ್ಡ ಗುಂಡಾದರೆ ಪೆಟ್ಟಿನ ಬಹುಪಾಲನ್ನು ಹುಬ್ಬು ಮತ್ತು ಕೆನ್ನೆಯ ಮೂಳೆಗಳು ತಡೆಯುತ್ತವೆ. ಗೋಲಿ, ಹುಣಸೆಬೀಜ, ಗ್ಯಾರೇಜುಗಳಲ್ಲಿ ಸಿಗುವ ಬೇರಿಂಗಿನ ಉಕ್ಕಿನ ಗುಂಡು ಮುಂತಾದ ಚಿಕ್ಕ ವಸ್ತುಗಳನ್ನು ಅಭ್ಯಾಸದಿಂದ ಪೂರ್ತಿಯಾಗಿ ಹೊರಗಿಡಲು ಇದೇ ಮುಖ್ಯ ಕಾರಣ. ಗಾಲ್ಫ್ ಚೆಂಡಿನ ವ್ಯಾಸವು 4.3 ಸೆಂ.ಮೀ.ಗೆ ಸಮೀಪವಿದ್ದು, ಅದು ಗಟ್ಟಿಯೂ ಅತಿಯಾಗಿ ಪುಟಿಯುವಂಥದೂ ಆಗಿರುವುದರಿಂದ ಅದನ್ನೂ ಬಳಸಬಾರದು.

ದೊಡ್ಡ ಗುಂಡಿನಿಂದ ಕಣ್ಣಿಗೆ ಅಪಾಯವೇ ಇಲ್ಲವೆಂದು ಇದರ ಅರ್ಥವಲ್ಲ. ಟೆನಿಸ್ ಚೆಂಡಿನ ಪೆಟ್ಟಿನಿಂದಲೂ ಕಣ್ಣಿನೊಳಗೆ ರಕ್ತಸ್ರಾವವಾಗಬಹುದು. ಎಸೆಯುವವರೂ ಸಮೀಪದಲ್ಲಿ ನಿಲ್ಲುವವರೂ ಪಾಲಿಕಾರ್ಬೊನೇಟ್ ಗಾಜಿನ ರಕ್ಷಣಾ ಕನ್ನಡಕವನ್ನು ಧರಿಸುವುದು ಅಪೇಕ್ಷಣೀಯ.

ಪ್ರಾರಂಭಿಕರಿಗೆ ಹಳೆಯ ಟೆನಿಸ್ ಚೆಂಡು

ಟೆನಿಸ್ ಚೆಂಡಿನ ತೂಕ 56 ರಿಂದ 59.4 ಗ್ರಾಂ, ವ್ಯಾಸ ಸುಮಾರು 6.5 ರಿಂದ 6.9 ಸೆಂ.ಮೀ. ಇರಬೇಕೆಂಬುದು ಆ ಕ್ರೀಡೆಯ ನಿಯಮ. ಎಲ್ಲ ಚೆಂಡುಗಳೂ ಒಂದೇ ತೂಕದವಾಗಿರುವುದರಿಂದ ಕಲಿಯುವವರ ಕೈ ಬೇಗ ಹದಗೊಳ್ಳುತ್ತದೆ. ಪ್ರತಿ ಎಸೆತಕ್ಕೂ ಬೇರೆ ಬೇರೆ ತೂಕದ ಕಲ್ಲುಗಳನ್ನು ಹೆಕ್ಕಿ ಕಲಿತವರಿಗೆ ಗುರಿ ಏಕೆ ತಪ್ಪಿತೆಂಬುದು ತಿಳಿಯುವುದೇ ಇಲ್ಲ.

ಅಂಗಡಿಗಳಲ್ಲಿ ಕ್ರಿಕೆಟ್ಟಿಗೆಂದು ಮಾರುವ ಭಾರದ ಟೆನಿಸ್ ಚೆಂಡುಗಳು ಈ ಮಿತಿಗೆ ಒಳಪಟ್ಟವಲ್ಲ. ಅವುಗಳನ್ನು ಕೊಳ್ಳುವ ಮುನ್ನ ದಿನಸಿ ಅಂಗಡಿಯ ತಕ್ಕಡಿಯಲ್ಲಾದರೂ ತೂಗಿ ನೋಡುವುದು ಸೂಕ್ತ. 155 ಗ್ರಾಂ ಮೀರಿದ ತೊಗಲಿನ ಕ್ರಿಕೆಟ್ ಚೆಂಡನ್ನು ಕವಣೆಯಲ್ಲಿ ಯಾವ ಕಾರಣಕ್ಕೂ ಇಡಬಾರದು.

ಟೆನಿಸ್ ಚೆಂಡಿನ ದೋಷವೆಂದರೆ ಪುಟಿತ. ಹೊಸ ಚೆಂಡನ್ನು 2.54 ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 1.35 ಮೀಟರಿಗಿಂತ ಮೇಲಕ್ಕೆ ಪುಟಿಯುತ್ತದೆ. ಆದುದರಿಂದ ಸವೆದ ಹಳೆಯ ಚೆಂಡುಗಳನ್ನೇ ಆರಿಸಿ, ದಬ್ಬಳದಿಂದ ಒಂದು ಸಣ್ಣ ರಂಧ್ರ ಮಾಡಿಕೊಂಡರೆ ಒಳಗಿನ ಗಾಳಿ ಹೊರಹೋಗಿ ಪುಟಿತ ಬಹಳಷ್ಟು ತಗ್ಗುತ್ತದೆ. ರಂಧ್ರದ ಮೂಲಕ ಮರಳು ತುಂಬಿ ತೂಕ ಹೆಚ್ಚಿಸುವುದು ಸಲ್ಲದು. ಆಗ ಅದು ಚೆಂಡಿನ ವೇಷದ ಕಲ್ಲಾಗುತ್ತದೆ.

ಬಟ್ಟೆಯ ಚೆಂಡು ಮತ್ತು ಕಾಳಿನ ಚೀಲ

ಲಗೋರಿ ಆಟಕ್ಕೆ ಹಳೆಯ ಬಟ್ಟೆಯನ್ನು ಸುತ್ತಿ ಹೊಲಿಯುವ ಚೆಂಡು ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಉತ್ತಮ. ಅದು ದೂರ ಹೋಗುವುದಿಲ್ಲ, ಪುಟಿಯುವುದಿಲ್ಲ, ಮತ್ತು ಕಾಸಿನ ಖರ್ಚಿಲ್ಲ. ಅಂಗೈಯಗಲದ ದಪ್ಪ ಬಟ್ಟೆಯ ಚೀಲಕ್ಕೆ 60 ರಿಂದ 80 ಗ್ರಾಂ ರಾಗಿ ತುಂಬಿ ಎರಡು ಸಾಲು ಹೊಲಿಗೆ ಹಾಕಿದರೆ ವಯಸ್ಕರ ಅಭ್ಯಾಸಕ್ಕೂ ಒದಗುತ್ತದೆ. ಸಡಿಲವಾಗಿ ತುಂಬಿದ ಚೀಲವು ಕವಣೆಯ ಬಟ್ಟಲಿನಲ್ಲಿ ಮಡಚಿಕೊಂಡು ತಡವಾಗಿ ಬಿಡುಗಡೆಯಾಗುವುದರಿಂದ ಬಿಗಿಯಾಗಿಯೇ ತುಂಬಬೇಕು. ಮಳೆಯಲ್ಲಿ ನೆನೆದ ರಾಗಿಚೀಲ ಮೊಳಕೆಯೊಡೆಯುತ್ತದೆ, ಮೂಲೆಯಲ್ಲಿಟ್ಟರೆ ಇಲಿ ಕಡಿಯುತ್ತದೆ. ಇವೆರಡನ್ನು ಬಿಟ್ಟರೆ ಅದರಲ್ಲಿ ಬೇರೆ ಕುಂದಿಲ್ಲ. ರಾಗಿಯ ಬದಲು ಮರಳು ತುಂಬುವವರು ತೂಕವನ್ನು ಮತ್ತೊಮ್ಮೆ ನೋಡಿಕೊಳ್ಳುವುದು.

ಮಣ್ಣಿನ ಗುಂಡು

ಗುಂಡು ಗುರಿಗೆ ಬಡಿದು ಪುಡಿಯಾಗಬೇಕು, ಹುಡುಕಿ ತರುವ ಶ್ರಮವಿರಬಾರದು ಎಂದು ಬಯಸುವವರಿಗೆ ಮಣ್ಣಿನ ಗುಂಡು ಅನುಕೂಲ. ಆದರೆ ಮಣ್ಣು ಎಂದಾಕ್ಷಣ ಮೃದು ಎಂಬ ತಿಳಿವಳಿಕೆ ಸರಿಯಲ್ಲ. ಸಿರಿಯಾ ದೇಶದ ಹಮೂಕಾರ್ ಎಂಬಲ್ಲಿ ಸುಮಾರು 5,500 ವರ್ಷಗಳ ಹಿಂದಿನ ಯುದ್ಧದ ಕುರುಹುಗಳೊಂದಿಗೆ ಉತ್ಖನನದಲ್ಲಿ ದೊರೆತ ಕವಣೆಗುಂಡುಗಳು ಮಣ್ಣಿನವೇ ಆಗಿದ್ದವು. ಚೆನ್ನಾಗಿ ತುಳಿದು ಹದಮಾಡಿದ ಜೇಡಿಮಣ್ಣು ಬಿಸಿಲಿಗೆ ಒಣಗಿದರೆ ಇಟ್ಟಿಗೆಯಂತಾಗುತ್ತದೆ, ಸುಟ್ಟರಂತೂ ಕಲ್ಲೇ ಆಗುತ್ತದೆ.

ಜಿಲ್ಲೆಯ ಕೆರೆಗಳ ಗೋಡು ಮಣ್ಣು ಬಹಳ ಅಂಟಾಗಿರುತ್ತದೆ. ಅದನ್ನೊಂದನ್ನೇ ಬಳಸದೆ, ಒಂದು ಪಾಲು ಗೋಡಿಗೆ ಎರಡು ಪಾಲು ಜರಡಿ ಹಿಡಿದ ಕೆಮ್ಮಣ್ಣು ಮತ್ತು ಒಂದು ಹಿಡಿ ರಾಗಿಹೊಟ್ಟು ಸೇರಿಸಿ, ಕಡಿಮೆ ನೀರಿನಲ್ಲಿ ಕಲಸಿ, 5 ಸೆಂ.ಮೀ. ಅಗಲದ ಉಂಡೆಗಳನ್ನು ಕಟ್ಟಬೇಕು. ಜರಡಿ ಹಿಡಿಯುವುದನ್ನು ಬಿಡಬಾರದು. ಉಂಡೆಯೊಳಗೆ ಉಳಿದ ಒಂದೇ ಒಂದು ಹರಳು, ಉಂಡೆ ಒಡೆದಾಗ ಪ್ರತ್ಯೇಕವಾಗಿ ಚಿಮ್ಮುತ್ತದೆ. ಉಂಡೆಗಳನ್ನು ನೆರಳಿನಲ್ಲಿ ಒಣಗಿಸಿ, ಬಳಸುವ ಮೊದಲು ಪ್ರತಿ ಕಂತಿನಿಂದ ನಾಲ್ಕೈದನ್ನು ಭುಜದೆತ್ತರದಿಂದ ಚಪ್ಪಡಿ ಕಲ್ಲಿನ ಮೇಲೆ ಬಿಟ್ಟು ನೋಡಬೇಕು. ಒಡೆದು ಚೂರಾದರೆ ಆ ಕಂತು ಬಳಕೆಗೆ ಯೋಗ್ಯ. ಬಿರುಕು ಮಾತ್ರ ಬಿಟ್ಟರೆ ಅಥವಾ ಹಾಗೆಯೇ ಉಳಿದರೆ ಅದನ್ನು ನೆನೆಸಿ, ಕೆಮ್ಮಣ್ಣು ಹೆಚ್ಚಿಸಿ ಮತ್ತೆ ಕಟ್ಟುವುದು. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕೆನ್ನುವಂತಿಲ್ಲ. ಬೇಸಿಗೆಯಲ್ಲಿ ಎರಡು ವಾರ ಬಿಟ್ಟ ಉಂಡೆ ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಪುಡಿಯಾಗುವ ಗುಂಡಾದರೂ ಅದು ಹಾರುತ್ತಿರುವಾಗ ಗಟ್ಟಿ ವಸ್ತುವೇ ಆಗಿರುತ್ತದೆ. ಆದುದರಿಂದ ಟೆನಿಸ್ ಚೆಂಡಿನಿಂದ ಕಲಿತು, ಎಸೆತದ ದಿಕ್ಕು ಹಿಡಿತಕ್ಕೆ ಬಂದವರು ಮಾತ್ರ ಮಣ್ಣಿನ ಗುಂಡಿಗೆ ಹೋಗತಕ್ಕದ್ದು.

ಮಣ್ಣು ಮತ್ತು ಗೊಬ್ಬರದಲ್ಲಿ ಬೀಜವನ್ನಿಟ್ಟು ಕಟ್ಟುವ ಬೀಜದುಂಡೆಗಳನ್ನು ಕವಣೆಯಿಂದ ಬೋಳುಗುಡ್ಡಗಳಿಗೆ ಎಸೆಯುವ ಉತ್ಸಾಹವೂ ಕಂಡುಬರುತ್ತದೆ. ಬೀಜದುಂಡೆಯು ಸಡಿಲವಾಗಿರುವುದರಿಂದ ಗುಂಡಾಗಿ ಒಳ್ಳೆಯದೇ. ಆದರೆ ಎಸೆಯುವವರಿಗೆ ಗುಡ್ಡದ ಪೊದೆಗಳ ಹಿಂದೆ ಯಾರಿದ್ದಾರೆಂಬುದು ಕಾಣುವುದಿಲ್ಲ. ಅರಣ್ಯ ಪ್ರದೇಶದಲ್ಲಿ ಬಿತ್ತನೆಯ ಕಾರ್ಯಕ್ರಮಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು, ನಡೆದುಕೊಂಡು ಹೋಗಿ ಬಿತ್ತುವುದೇ ಮೇಲು.

ಕಲ್ಲನ್ನು ಏಕೆ ಬಿಡಬೇಕು

ನಂದಿಬೆಟ್ಟದ ಸುತ್ತಲಿನ ಈ ಸೀಮೆಯಲ್ಲಿ ಬಾಗಿದರೆ ಕಲ್ಲು ಸಿಗುತ್ತದೆ; ಅದೇ ತೊಡಕು. ಕ್ವಾರಿಗಳ ಜಲ್ಲಿಕಲ್ಲು ಮೂಲೆಮೂಲೆಯಾಗಿದ್ದು ಬಟ್ಟಲಿನ ಹುರಿಯನ್ನು ಕೊಯ್ಯುತ್ತದೆ, ಗಾಳಿಯಲ್ಲಿ ತಿರುಗುತ್ತಾ ದಿಕ್ಕು ತಪ್ಪುತ್ತದೆ, ಬಂಡೆಗೆ ಬಡಿದರೆ ಚಕ್ಕೆಯೆದ್ದು ಎಸೆದವರ ಕಡೆಗೇ ಬರುತ್ತದೆ. ಗೌರಿಬಿದನೂರು ಭಾಗದಲ್ಲಿ ಉತ್ತರ ಪಿನಾಕಿನಿಯ ಪಾತ್ರದಲ್ಲಿ ದೊರೆಯುವ ನುಣುಪು ಕಲ್ಲುಗಳು ಎಸೆಯಲು ಚೆನ್ನಾಗಿರುತ್ತವೆಂಬುದು ನಿಜ. ಅವು ಚೆನ್ನಾಗಿ ಹೋಗುತ್ತವೆ ಎಂಬುದೇ ಅವುಗಳನ್ನು ಬಿಡಲು ಕಾರಣ. ಗಾಳಿಯ ತಡೆಯನ್ನು ಲೆಕ್ಕಿಸದಿದ್ದಲ್ಲಿ ಸೆಕೆಂಡಿಗೆ 30 ಮೀಟರ್ ವೇಗದ ಗುಂಡು 92 ಮೀಟರ್ ದೂರ ಕ್ರಮಿಸುತ್ತದೆ. ಟೆನಿಸ್ ಚೆಂಡನ್ನು ಗಾಳಿ ಬೇಗನೆ ತಡೆಯುತ್ತದೆ, ಕಲ್ಲನ್ನು ಅಷ್ಟು ತಡೆಯುವುದಿಲ್ಲ.

ಸೀಸದ ಗುಂಡುಗಳು ಭಾರದ ಜೊತೆಗೆ ವಿಷಕಾರಿಯೂ ಹೌದು. ಸಿಮೆಂಟ್ ಉಂಡೆ, ಆಲೂಗಡ್ಡೆ, ನಿಂಬೆಕಾಯಿಗಳನ್ನೂ ಬಳಸಬಾರದು. ಚಿಂತಾಮಣಿ ಕಡೆಯಲ್ಲಿ ಬೆಲೆ ಕುಸಿದಾಗ ರಸ್ತೆಬದಿಗೆ ಸುರಿಯುವ ಟೊಮೆಟೊ ಕೂಡ, ಕಾಯಾಗಿದ್ದರೆ, ಗಟ್ಟಿ ಗುಂಡೇ. ಶಿಡ್ಲಘಟ್ಟದ ರೇಷ್ಮೆಗೂಡು ಬಹಳ ಹಗುರವಾಗಿರುವುದರಿಂದ ಕವಣೆಯಿಂದ ನೆಟ್ಟಗೆ ಹೊರಡುವುದೇ ಇಲ್ಲ.

ಗುಂಡಿಗೆ ತಕ್ಕ ಬಟ್ಟಲು

ಕಲ್ಲಿಗಾಗಿ ಹೆಣೆದ ಹಳೆಯ ಕವಣೆಯ ಬಟ್ಟಲಿನಲ್ಲಿ ಟೆನಿಸ್ ಚೆಂಡು ಕೂರುವುದಿಲ್ಲ. ಬೀಸುವಾಗಲೇ ಜಾರಿ ಹಿಂದಕ್ಕೆ ಹಾರುತ್ತದೆ. ಬಟ್ಟಲು ಚೆಂಡಿನ ಅರ್ಧಭಾಗವನ್ನಾದರೂ ಅಪ್ಪಿರಬೇಕು. ಹುರಿಗೆ ಹತ್ತಿ, ಸೆಣಬು ಅಥವಾ ಕತ್ತಾಳೆ ನಾರು ಉತ್ತಮ. ನೈಲಾನ್ ಹುರಿ ಬೆರಳಿನಿಂದ ಜಾರುವುದರಿಂದ ಬಿಡುವ ಗಳಿಗೆ ತಪ್ಪುತ್ತದೆ. ಸವೆದ ಹುರಿಯನ್ನು ಗಂಟು ಹಾಕಿ ಮುಂದುವರಿಸದೆ ಬದಲಾಯಿಸತಕ್ಕದ್ದು.

ಅಭ್ಯಾಸದ ಸ್ಥಳ

ಹ್ಯಾಮರ್ ಎಸೆತದಲ್ಲಿ ಗುಂಡು 34.92 ಡಿಗ್ರಿ ಅಗಲದ ವಲಯದೊಳಗೆ ಬೀಳಬೇಕೆಂಬ ನಿಯಮವಿದ್ದು, ಎಸೆಯುವವರ ಸುತ್ತ ಬಲೆಯ ಪಂಜರವಿರುತ್ತದೆ. ಕವಣೆ ಕಲಿಯುವವರ ಗುಂಡು ಹೊಸತರಲ್ಲಿ ಮುಂದಕ್ಕೆ, ಮೇಲಕ್ಕೆ, ಪಕ್ಕಕ್ಕೆ, ಕೆಲವೊಮ್ಮೆ ನೇರ ಹಿಂದಕ್ಕೂ ಹೋಗುತ್ತದೆ. ನೋಡುವವರು ಎಸೆಯುವವರ ಬೆನ್ನ ಹಿಂದೆ ನಿಂತರೆ ಕ್ಷೇಮವೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಟೆನಿಸ್ ಚೆಂಡಿನ ಅಭ್ಯಾಸಕ್ಕೆ ಮುಂದುಗಡೆ 100 ಮೀಟರ್, ಉಳಿದ ಮೂರು ಕಡೆ 50 ಮೀಟರ್ ಜನ ಜಾನುವಾರುಗಳಿಲ್ಲದ ಬಯಲು ಇರಬೇಕು.

ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಅಥವಾ ಶಿಡ್ಲಘಟ್ಟದ ನೆಹರು ಕ್ರೀಡಾಂಗಣದಂತಹ ಪಟ್ಟಣದ ಮೈದಾನಗಳು ಬೆಳಗಿನ ಹೊತ್ತು ವಾಯುವಿಹಾರಿಗಳಿಗೂ ಓಟಗಾರರಿಗೂ ಸೇರಿದವು. ಅಲ್ಲಿ ಬಟ್ಟೆಯ ಚೆಂಡು ಮತ್ತು ಹಿಂಬದಿಯ ಪರದೆಯ ಹೊರತು ಬೇರೆ ಅಭ್ಯಾಸಕ್ಕೆ ಅವಕಾಶ ಕೇಳುವುದು ಸರಿಯಾಗದು. ಬತ್ತಿದ ಕೆರೆಯಂಗಳಗಳು ಹಿಂದೆ ಇಂಥ ಆಟಗಳಿಗೆ ಒದಗುತ್ತಿದ್ದವು, ಎಚ್.ಎನ್. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಹರಿದ ಕೆರೆಗಳಲ್ಲಿ ಈಗ ಆ ಅನುಕೂಲವಿಲ್ಲ. ಕಟಾವು ಮುಗಿದ ಸ್ವಂತ ಹೊಲ, ಅಕ್ಕಪಕ್ಕದವರ ಒಪ್ಪಿಗೆಯೊಂದಿಗೆ, ಹಲವರಿಗೆ ಎಲ್ಲಕ್ಕಿಂತ ಯೋಗ್ಯ ಸ್ಥಳವಾಗಬಹುದು. ದ್ರಾಕ್ಷಿ ಚಪ್ಪರ, ಪಾಲಿಹೌಸ್, ವಿದ್ಯುತ್ ಪರಿವರ್ತಕ, ತಂತಿಮಾರ್ಗಗಳ ಸಮೀಪ ಎಸೆಯಬಾರದು.

ಗೋಡೆ ಅಥವಾ ಬಂಡೆಯನ್ನು ಗುರಿಯಾಗಿ ಬಳಸದೆ, ಎರಡು ಗಳುಗಳ ನಡುವೆ ಹಳೆಯ ಟಾರ್ಪಾಲು ಅಥವಾ ಗೋಣಿತಾಟನ್ನು ಮೇಲ್ಭಾಗದಲ್ಲಿ ಮಾತ್ರ ಕಟ್ಟಿ ಇಳಿಬಿಡಬೇಕು. ಕೆಳಗೆ ಸಡಿಲವಾಗಿರುವ ಪರದೆ ಗುಂಡಿನ ವೇಗವನ್ನು ನುಂಗಿ ಅದನ್ನು ಬುಡದಲ್ಲಿಯೇ ಬೀಳಿಸುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡನ್ನು ಹಿಂದಕ್ಕೆ ಎಸೆಯುತ್ತದೆ. ಗುಂಡುಗಳನ್ನು ಹೆಕ್ಕಲು ಹೋಗುವಾಗ ಎಲ್ಲರೂ ಕವಣೆಯನ್ನು ನೆಲಕ್ಕೆ ಇಟ್ಟಿರಬೇಕು.

ಅನುಮತಿ ಕೋರುವ ಅರ್ಜಿಯಲ್ಲಿ ಇರಬೇಕಾದ ವಿವರ

ಕ್ರೀಡಾಂಗಣವಾದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ, ಶಾಲಾ ಮೈದಾನವಾದಲ್ಲಿ ಶಾಲೆಯ ಮುಖ್ಯಸ್ಥರು, ಗ್ರಾಮದ ಬಯಲಾದಲ್ಲಿ ಗ್ರಾಮ ಪಂಚಾಯಿತಿ, ಹೀಗೆ ಸ್ಥಳವು ಯಾರ ಸುಪರ್ದಿಯಲ್ಲಿದೆಯೋ ಅವರಿಗೆ ಅರ್ಜಿ ಸಲ್ಲಿಸುವುದು. ಅರ್ಜಿಯಲ್ಲಿ ಗುಂಡಿನ ವಸ್ತು, ತೂಕ, ವ್ಯಾಸ, ಎಸೆಯುವ ದಿಕ್ಕು, ಬಯಲಿನ ಅಳತೆ, ಪರದೆಯ ವಿವರ, ಅಭ್ಯಾಸದ ವೇಳೆ ಮತ್ತು ಉಸ್ತುವಾರಿ ವಹಿಸುವ ವಯಸ್ಕರ ಹೆಸರನ್ನು ನಮೂದಿಸಿದರೆ ಪರಿಶೀಲನೆ ಸುಲಭವಾಗುತ್ತದೆ. ಕೈಯಲ್ಲಿ ಬರೆದ ಒಂದು ನಕ್ಷೆ ಎರಡು ಪುಟದ ವಿವರಣೆಗಿಂತ ಹೆಚ್ಚು ಉಪಯುಕ್ತ. ಬಳಸುವ ಗುಂಡಿನ ಒಂದು ಮಾದರಿಯನ್ನು ಜೊತೆಯಲ್ಲಿ ಕೊಂಡೊಯ್ದು ತೋರಿಸಬಹುದು.

ಗಮನಿಸಬೇಕಾದ ಕಾನೂನುಗಳು

ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ತರುವ ಕೃತ್ಯವು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಪ್ರಕರಣದ ಮೇರೆಗೆ ಅಪರಾಧವಾಗಿದೆ. ಯಾರಿಗೂ ಪೆಟ್ಟಾಗದಿದ್ದರೂ 3 ತಿಂಗಳವರೆಗೆ ಕಾರಾವಾಸ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ತೀವ್ರ ಗಾಯವಾದಲ್ಲಿ ಕಾರಾವಾಸವು 3 ವರ್ಷದವರೆಗೆ ಇರಬಹುದು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಮಾರ್ಗವಾಗಿ ಕೋಲಾರಕ್ಕೆ ಹೋಗುವ ಹಾಗೂ ಗೌರಿಬಿದನೂರಿನ ಮೂಲಕ ಹಿಂದೂಪುರದ ಕಡೆಗೆ ಸಾಗುವ ರೈಲು ಮಾರ್ಗಗಳ ಬದಿಯಲ್ಲಿ ಅಭ್ಯಾಸ ಮಾಡಲೇಬಾರದು. ರೈಲಿನಲ್ಲಿರುವವರಿಗೆ ಹಾನಿ ಮಾಡುವ ಉದ್ದೇಶದಿಂದ ಕಲ್ಲು ಎಸೆದವರಿಗೆ 1989ರ ರೈಲ್ವೆ ಕಾಯ್ದೆಯು ಆಜೀವ ಕಾರಾವಾಸದವರೆಗೂ ಶಿಕ್ಷೆ ವಿಧಿಸುತ್ತದೆ. ಅಜಾಗರೂಕತೆಗೂ ಅದರಲ್ಲಿ ಪ್ರತ್ಯೇಕ ಶಿಕ್ಷೆಯಿದೆ.

ಚುನಾವಣೆ ಮೊದಲಾದ ಸಂದರ್ಭಗಳಲ್ಲಿ ಹೊರಡಿಸುವ ನಿಷೇಧಾಜ್ಞೆಗಳಲ್ಲಿ ಕಲ್ಲುಗಳನ್ನೂ ಅವುಗಳನ್ನು ಎಸೆಯುವ ಸಾಧನಗಳನ್ನೂ ಕೊಂಡೊಯ್ಯುವುದನ್ನು ನಿಷೇಧಿಸುವುದು ವಾಡಿಕೆ. ಆ ಅವಧಿಯಲ್ಲಿ ಮೈದಾನದ ಅನುಮತಿಪತ್ರ ಕೈಯಲ್ಲಿದ್ದರೂ ಕವಣೆಯನ್ನು ಮನೆಯಲ್ಲಿಯೇ ಇಡತಕ್ಕದ್ದು.

ಹಕ್ಕಿ, ಮೊಲ, ಮಂಗಗಳನ್ನು ಗುರಿಯಾಗಿಸುವುದು ಕ್ರೀಡೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂಬ ಪದವು ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವುದೇ ಸಾಧನವನ್ನು ಒಳಗೊಳ್ಳುತ್ತದೆ. ನವಿಲು ಸದರಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಹೊಲಕ್ಕೆ ಇಳಿದ ನವಿಲನ್ನು ಸದ್ದು ಮಾಡಿ ಓಡಿಸಬಹುದೇ ಹೊರತು ಕಲ್ಲಿನಿಂದ ಹೊಡೆಯುವಂತಿಲ್ಲ.

ಪೆಟ್ಟಾದಲ್ಲಿ

ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಮಾತಿನಲ್ಲಿ ತೊದಲು ಅಥವಾ ಕ್ಷಣಕಾಲದ ಪ್ರಜ್ಞಾಹೀನತೆ ಕಂಡುಬಂದರೆ, ಗಾಯ ಹೊರಗೆ ಕಾಣದಿದ್ದರೂ 108ಕ್ಕೆ ಕರೆಮಾಡಿ ಕೂಡಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕು. ಕಣ್ಣಿಗೆ ಪೆಟ್ಟಾದಲ್ಲಿ ಉಜ್ಜಬಾರದು, ಒತ್ತಬಾರದು, ಹಾಲು ಎಣ್ಣೆ ಮುಂತಾದವನ್ನು ಬಿಡಬಾರದು, ಚುಚ್ಚಿಕೊಂಡ ಚೂರನ್ನು ತೆಗೆಯಲು ಯತ್ನಿಸಬಾರದು. ಕಾಗದದ ಲೋಟದ ತಳಭಾಗವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಅಂಟಿಸಿ, ತಲೆಯನ್ನು ಎತ್ತರದಲ್ಲಿರಿಸಿ ಕರೆದೊಯ್ಯಬೇಕು. ದೃಷ್ಟಿ ಮಸುಕಾಗದಿದ್ದರೂ ಅದೇ ದಿನ ತೋರಿಸುವುದು ಅವಶ್ಯ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೆಚ್ಚಿನ ಚಿಕಿತ್ಸೆಗೆ ಸೂಚಿಸಿದಲ್ಲಿ ಬೆಂಗಳೂರಿನ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆಗೆ ಹೋಗಬಹುದು. ಬಡಿದ ಗುಂಡು ಯಾವ ವಸ್ತುವಿನದು, ಎಷ್ಟು ದೊಡ್ಡದು ಎಂಬುದನ್ನು ವೈದ್ಯರಿಗೆ ತಿಳಿಸತಕ್ಕದ್ದು.